ಗಾಲಿಯಿರುವ ಗೋಡೆ

ಬಿ.ಎಂ. ರಸ್ತೆಯ ಅಂಗಡಿಯಲ್ಲಿ ಹುಡುಗ ಕೇಳಿದ:
"ಮನೇಲಿ ಎಷ್ಟು ಜನ ಮೇಡಂ?"
ರಾತ್ರಿ ಪಾಳಿ ಮುಗಿಸಿ ನೆಟ್ಟಗೆ ಬಂದಿದ್ದೆ,
ಕಣ್ಣಲ್ಲಿ ಮರಳು.
ಮೂರು ಅಂದೆ. ತಡೆದು, ಎರಡು.
ಆಮೇಲೆ ನಗು ಬಂತು: ಒಂದು ಅಂತ ಬರ್ಕೊಳಪ್ಪ,
ಒಬ್ಬರು ಹೊರಟ ಮೇಲೆ ಇನ್ನೊಬ್ಬರು ಬರ್ತೀವಿ,
ಒಂದೇ ಪ್ಲಾಟ್‌ಫಾರ್ಮಿಗೆ ಬಸ್ಸು ಬಂದ ಹಾಗೆ.

ಅವನು ಏನೂ ಬರೆದುಕೊಳ್ಳಲಿಲ್ಲ.
ಕ್ಯಾಟಲಾಗ್ ತೆರೆದ. ಒಂದೂಕಾಲು ಅಡಿ ಚೌಕದ ಗೂಡುಗಳು,
ಮೇಲಕ್ಕೂ ಏರುತ್ತವೆ, ಪಕ್ಕಕ್ಕೂ ಬೆಳೆಯುತ್ತವೆ,
ಬೇಡವಾದರೆ ಬಿಚ್ಚಿ ಮಂಚದಡಿ ತಳ್ಳಬಹುದು.
ಚಿತ್ರದ ಮನೆಯಲ್ಲಿ ಒಂದು ಹೂದಾನಿ, ಮೂರು ಪುಸ್ತಕ,
ಬಿಳಿ ಬೆಕ್ಕು.
ಬೆಕ್ಕು ಎಲ್ಲಿ ಮಲಗಬೇಕು ಅನ್ನುವುದನ್ನಂತೂ
ಚೆನ್ನಾಗಿ ಯೋಚಿಸಿದ್ದಾರೆ.

ನಮ್ಮದು ಸಾಲಗಾಮೆ ರಸ್ತೆ, ಎರಡನೇ ಮಹಡಿ.
ಅಡುಗೆಮನೆ ಕಳೆದರೆ ಒಂದೇ ಉದ್ದನೆ ಕೋಣೆ,
ಹತ್ತೊಂಬತ್ತಕ್ಕೆ ಹನ್ನೊಂದು.
ಓಪನ್ ಲೇಔಟ್ ಎಂದ ಬಿಲ್ಡರ್.
ಹಾಗಂದರೆ
ಗೋಡೆಯ ಖರ್ಚು ನಮ್ಮದು ಅಂತ ಆಮೇಲೆ ತಿಳಿಯಿತು.

ಜಿನದತ್ತನದು ಧರ್ಮಸ್ಥಳದ ಗಾಡಿ, ಅಲ್ಲೇ ನೈಟ್ ಹಾಲ್ಟು.
ಮರುದಿನ ಮಧ್ಯಾಹ್ನ ಮನೆಗೆ, ಹೆಗಲಿನ ಚರ್ಮದ ಚೀಲ ಇಳಿಸಿ
ಚಿಲ್ಲರೆ ಎಣಿಸುತ್ತಾನೆ. ಮೆಲ್ಲಗೇ ಎಣಿಸುತ್ತಾನೆ ಪಾಪ,
ನಾಣ್ಯಕ್ಕೆ ಮೆಲ್ಲಗೆ ಅನ್ನೋದು ಗೊತ್ತಿಲ್ಲ.
ನನಗೋ ಅದು ನಡುರಾತ್ರಿ.
ಅತ್ತೆಗೆ ಹೊತ್ತು ಮುಳುಗುವ ಮೊದಲೇ ಊಟ,
ಅವರು ಕೈ ತೊಳೆಯುವಾಗ ನನಗೆ ಬೆಳಗಿನ ಕಾಫಿ.
ಒಂದು ಮಂಚ, ಮೂರು ಗಡಿಯಾರ.

"ಪ್ಲೈವುಡ್ಡಾ?" ಎಂದು ಹಲಗೆ ತಟ್ಟಿ ಕಿವಿಗೊಟ್ಟೆ,
ಡಾಕ್ಟರು ಎದೆ ತಟ್ಟಿ ನೋಡುವ ಹಾಗೆ.
"ಪಾರ್ಟಿಕಲ್ ಬೋರ್ಡು ಮೇಡಂ, ನೀರು ಸೋಕಿದ್ರೆ ಊದತ್ತೆ."
ಊದುವುದನ್ನು ನಾನು ಬಲ್ಲೆ.
ಬೆರಳೊತ್ತಿದರೆ ಗುಳಿ ಬಿದ್ದು
ಎಷ್ಟು ಹೊತ್ತಾದರೂ ತುಂಬದ ಕಾಲುಗಳನ್ನು
ನಿನ್ನೆ ರಾತ್ರಿಯೂ ದಿಂಬಿನ ಮೇಲೆ ಎತ್ತಿಟ್ಟು ಬಂದಿದ್ದೇನೆ.
ಅತ್ತೆ ನೀರು ಸೋಸುವ ಬಟ್ಟೆಯನ್ನು
ಎಲ್ಲಿ ಜಾಗ ಕಂಡರೆ ಅಲ್ಲಿ ಹರವುತ್ತಾರೆ.
ಪ್ಲೈವುಡ್ಡೇ ಕೊಡು ಅಂದೆ. ನಾಲ್ಕು ಸಾವಿರ ಜಾಸ್ತಿ.

ಹದಿನಾರು ಗೂಡು. ನಾಲ್ಕರ ಮೇಲೆ ನಾಲ್ಕು. ಕೆಳಗೆ ಗಾಲಿ.
ಎಲ್ಲಕ್ಕೂ ಬೆನ್ನ ಹಲಗೆ ಬೇಕು, ಬೆಳಕು ತೂರಬಾರದು.
ಒಂದಕ್ಕೆ ಮಾತ್ರ ಬೇಡ,
ಆ ಕಡೆ ಇಟ್ಟದ್ದು ಈ ಕಡೆ ಸಿಗಬೇಕು.
"ಹಲಗೆ ಬಿಟ್ರೂ ರೇಟು ಅದೇ ಮೇಡಂ."
ಗೊತ್ತು. ಖಾಲಿ ಜಾಗ ಅಗ್ಗಕ್ಕೆ ಸಿಗುವುದಾದರೆ
ನಾನಿಲ್ಲಿ ಯಾಕೆ ನಿಂತಿರುತ್ತಿದ್ದೆ.

ಟೆಂಪೋ ಬಂತು. ಇಬ್ಬರು ಆಳು, ಒಂದು ಸ್ಕ್ರೂಡ್ರೈವರು,
ಎರಡು ಗಂಟೆಯಲ್ಲಿ ಮನೆಗೊಂದು ನಡು ಬಂತು.
"ಗೋಡೆಗೇ ಕಾಲು ಬಂದ್ರೆ
ಮನೆಯನ್ನ ಹಿಡಿಯೋರ್ಯಾರು?" ಅತ್ತೆಯ ಪ್ರಶ್ನೆ.
ಹಾಗಂದವರೇ ಸಂಜೆಯೊಳಗೆ ತಮ್ಮ ಕಡೆಯ ಐದು ಗೂಡು ಹಿಡಿದಿದ್ದರು:
ತಾಮ್ರದ ಗಿಂಡಿ, ಜಪಮಣಿ, ಕಡಲೆಬೇಳೆ ಡಬ್ಬ,
ಯಾರದೋ ಮದುವೆಯಲ್ಲಿ ಕೊಟ್ಟ, ಇನ್ನೂ ಬಿಚ್ಚದ ಗಡಿಯಾರ.
(ನಾಲ್ಕನೆಯದು. ಅದು ನಡೆಯದಿದ್ದರೇ ಒಳ್ಳೆಯದು.)

ನೆಲ ಸ್ವಲ್ಪ ವಾಲಿದೆ ಅಂತ ಈಗ ಗೊತ್ತಾಯಿತು.
ನಾಲ್ಕು ಗಾಲಿಯಲ್ಲಿ ಒಂದರ ಬ್ರೇಕು ಕಚ್ಚುವುದಿಲ್ಲ.
ವಾರಕ್ಕೆ ಅರ್ಧ ಇಂಚು ಗೋಡೆ ನನ್ನ ಕಡೆ ಸರಿಯುತ್ತದೆ.
ಅತ್ತೆ ಏನೂ ಹೇಳುವುದಿಲ್ಲ. ಅವರಿಗೇಕೆ ಹೇಳಬೇಕು.

ಇವತ್ತು ಮಧ್ಯಾಹ್ನ ಅರೆ ಎಚ್ಚರ.
ಹದಿನೈದು ಗೂಡು ಕತ್ತಲು, ಒಂದು ಗೂಡು ಹಗಲು.
ಆ ಹಗಲಿನೊಳಗೆ ಒಂದು ಕೈ ಬಂತು,
ಖಾಕಿ ತೋಳು, ಹೆಬ್ಬೆರಳ ತುದಿಗೆ ಟಿಕೆಟ್ಟಿನ ಶಾಯಿ.
ಊರಲ್ಲಿ ಯಾರೂ ಮುಟ್ಟದ ಹತ್ತರ ನಾಣ್ಯ
ಐದೋ ಆರೋ, ಒಂದರ ಮೇಲೊಂದು.
ಆಸ್ಪತ್ರೆ ಟೀ ಅಂಗಡಿಯವನೊಬ್ಬ ತಗೊಳ್ತಾನೆ ಅಂತ
ಯಾವತ್ತೋ ಹೇಳಿದ್ದೆ, ಬಾಗಿಲಲ್ಲಿ, ಚಪ್ಪಲಿ ಮೆಟ್ಟುತ್ತಾ.

ಸದ್ದೇ ಆಗಲಿಲ್ಲ.
ಕೆಳಗೆ ಬಟ್ಟೆ ಹಾಸಿದ್ದ,
ಅತ್ತೆಯ ನೀರು ಸೋಸುವ ಬಟ್ಟೆ.
ಒದ್ದೆ ಇತ್ತು.