ಹನ್ನೊಂದು ಗಂಟೆಗೆ ಮನೆ ನೋಡುವುದು

ಮನೆ ನೋಡಲು ಎಲ್ಲರೂ ಸಂಜೆ ಹೋಗುತ್ತಾರಂತೆ.
ಬಿಸಿಲು ತಗ್ಗಿರುತ್ತದೆ, ಓನರು ಮುಖ ತೊಳೆದಿರುತ್ತಾರೆ,
ಗೇಟಿನ ಮುಂದೆ ನೀರು ಚಿಮುಕಿಸಿ
ಬೀದಿಗೂ ಹೆಣ್ಣು ನೋಡುವ ಶಾಸ್ತ್ರದ ಕಳೆ.
ನನಗೆ ಬೆಳಿಗ್ಗೆ ಹನ್ನೊಂದಕ್ಕೇ ತೋರಿಸಿ, ಅಂದೆ.
ಬ್ರೋಕರ್ ಹಾಲೇಶಪ್ಪ ಸ್ಕೂಟರಿನ ಸ್ಟ್ಯಾಂಡು ಒದ್ದು ನಕ್ಕರು:
'ಸಿಸ್ಟರ್, ಹನ್ನೊಂದಕ್ಕೆ ಯಾವ ಬೀದಿನೂ ಚಂದ ಇರಲ್ಲ.'

ಅದಕ್ಕೇ.

ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು ನನ್ನ ಪಾಳಿ,
ಐಸಿಯುನಲ್ಲಿ, ಹನ್ನೆರಡು ವರ್ಷದಿಂದ.
ಊರು ಹಲ್ಲುಜ್ಜುವಾಗ ನನಗೆ ರಾತ್ರಿಯೂಟ,
ಊರು ಒಗ್ಗರಣೆ ಹಾಕುವಾಗ ನನಗೆ ನಡುರಾತ್ರಿ.
ನಲವತ್ತೊಂದಕ್ಕಾದರೂ ಹಾಸ್ಟೆಲಿನ ಮಂಚ ಬಿಟ್ಟು
ಒಳಗಿನಿಂದ ನಾನೇ ಹಾಕಿಕೊಳ್ಳುವ ಚಿಲಕ ಬೇಕು ಅನಿಸಿತು.

ಮೊದಲು ದುರ್ಗಿಗುಡಿ.
ಬಾಗಿಲು ಹಾಕಿ ಖಾಲಿ ಕೋಣೆಯ ನೆಲದ ಮೇಲೆ
ಅರ್ಧ ಗಂಟೆ ಸುಮ್ಮನೆ ಕೂತೆ. ಅದೇ ನನ್ನ ಪರೀಕ್ಷೆ.
ಕೆಳಗೆ ಪಾತ್ರೆ ಅಂಗಡಿಯವ ಕೊಡಪಾನ ಇಳಿಸಿದ,
ಒಂದು, ಇನ್ನೊಂದು, ಆಮೇಲೆ ಬಹಳ ಹೊತ್ತು ಏನೂ ಇಲ್ಲ.
ಮುಂದಿನದಕ್ಕೆ ಕಾಯುತ್ತ ಕೂತೆ.
ಕಾಯುವವರಿಗೆ ನಿದ್ದೆ ಬರುವುದಿಲ್ಲ,
ವಾರ್ಡಿನ ಹೊರಗಿನ ಬೆಂಚು ನೋಡಿ ನೋಡಿ ನನಗೆ ಗೊತ್ತು.

ವಿನೋಬನಗರದಲ್ಲಿ ಮರಗಳಿದ್ದವು, ಪಾರ್ಕು, ಗಾಳಿ.
ಓನರಮ್ಮ ಮಜ್ಜಿಗೆ ಕೊಟ್ಟು ಕೇಳಿದರು: ಒಬ್ಬರೇನಾ?
ರಾತ್ರಿ ಹೋಗಿ ಬೆಳಿಗ್ಗೆ ಬರ್ತೀರಾ, ದಿನಾ? ಮೀನು ಮಾಡ್ತೀರಾ?
ಮೂರಕ್ಕೂ ಹೌದು ಅಂದೆ. ಮಜ್ಜಿಗೆ ಚೆನ್ನಾಗಿತ್ತು.
ಮೆಟ್ಟಿಲಿಳಿಯುವಾಗ ಹಾಲೇಶಪ್ಪ,
'ಒಂದಕ್ಕಾದರೂ ಇಲ್ಲ ಅನ್ನಬಹುದಿತ್ತು.'

ಗೋಪಾಳದಲ್ಲಿ ಪಕ್ಕದ ಸೈಟಿಗೆ ಮನೆ ಏಳುತ್ತಿತ್ತು,
ಟೈಲ್ಸು ಕೊಯ್ಯುವ ಮಿಷನ್ನು ಹಲ್ಲಿನ ಬೇರಿಗೇ ತಾಗಿತು.
ವಿದ್ಯಾನಗರದಲ್ಲಿ ರೈಲು. ರೈಲಾದರೆ ಬಂದು ಹೋಗುತ್ತದೆ;
ಹೋದ ರೈಲನ್ನು ಎದುರುಮನೆಯ ನಾಯಿ
ಇನ್ನೂ ಒಂದು ಗಂಟೆ ಬೈಯುತ್ತದೆ.

ಗಾಡಿಕೊಪ್ಪದಾಚೆ ಒಂದು ಮನೆ, ಪೂರ್ತಿ ನಿಶ್ಶಬ್ದ.
ಹಾಲೇಶಪ್ಪ ಗೆದ್ದವರಂತೆ ಬೀಡಿ ಹಚ್ಚಿದರು.
ಒಳಗೆ ಕೂತೆ. ಎಷ್ಟು ಮೌನ ಅಂದರೆ
ಕಿವಿಯೊಳಗಿನ ಮಾನಿಟರು ಬೀಪ್ ಅನ್ನತೊಡಗಿತು,
ಹೋದ ವಾರದ ಆರನೇ ಬೆಡ್ಡು,
ಅದಕ್ಕೂ ಹಿಂದಿನ ಆರನೇ ಬೆಡ್ಡು.
ಹತ್ತೇ ನಿಮಿಷಕ್ಕೆ ಎದ್ದು ಬಂದೆ. ಏನಾಯ್ತು ಅಂದರು.
ಏನೂ ಆಗಲಿಲ್ಲ, ಅದೇ ಆಗಿದ್ದು, ಅಂದೆ.

'ಇದನ್ನ ತೋರಿಸೋದೇ ಬೇಡ ಅಂದ್ಕೊಂಡಿದ್ದೆ' ಎನ್ನುತ್ತಲೇ
ಸೀಗೆಹಟ್ಟಿಯ ಸಂದಿಯೊಂದರಲ್ಲಿ ಸ್ಕೂಟರ್ ನಿಲ್ಲಿಸಿದರು.
ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಒಂದೂವರೆ ಕೋಣೆ.
ಕಿಟಕಿಯ ಸರಳಿಗೆಲ್ಲ ರಾಗಿಯ ಧೂಳು,
ಮೆಟ್ಟಿಲ ಮೇಲೆ ಯಾರದೋ ಅಕ್ಕಿ ಡಬ್ಬ, ಸರದಿಯಲ್ಲಿ.
ಬೆಲ್ಟು ತಿರುಗುತ್ತಿತ್ತು. ಏರಿಲ್ಲ, ಇಳಿವಿಲ್ಲ.
ಗೋಡೆ ನಡುಗಿ, ನೆಲ ನಡುಗಿ, ಬೆನ್ನಿಗೆ ಬಂದು,
ಯಾರದೋ ಉಸಿರನ್ನು ತಾನು ನೋಡಿಕೊಳ್ಳುತ್ತೇನೆ
ನೀನು ಸುಮ್ಮನಿರು ಎಂಬ ಹಾಗೆ.
ವ್ಯಾನಿಟಿ ಬ್ಯಾಗು ತಲೆಗಿಟ್ಟು
ಒಂದು ನಿಮಿಷ ಅಂತ ಒರಗಿದೆ.

ಎಚ್ಚರವಾದದ್ದು ಸದ್ದು ನಿಂತಾಗ.
ಕರೆಂಟು ಹೋಗಿತ್ತು. ನಾನು ಮಂಡಿಯೂರಿ, ಕೈಚಾಚಿ,
ಬರಿಯ ನೆಲದ ಮೇಲೆ ಯಾರದೋ ಮಣಿಕಟ್ಟು ಹುಡುಕುತ್ತಿದ್ದೆ.
ಹೊರಗೆ ಹಾಲೇಶಪ್ಪ ಬಾಗಿಲು ಬಡಿಯುತ್ತಿದ್ದರು:
'ಸಿಸ್ಟರ್, ಒಂದೂವರೆ ಆಯ್ತು, ಊಟಕ್ಕೆ ಹೋಗ್ಬೇಕು. ಇದ್ದೀರಾ?'

ಇದ್ದೆ.

ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡ ಗಿರಣಿಯ ಚೌಡಮ್ಮ
ಮೀನಿನ ಮಾತೆತ್ತಲಿಲ್ಲ. 'ಗಲಾಟೆ ಆಗುತ್ತೆ, ಈಗಲೇ ಹೇಳ್ತೀನಿ,
ಆಮೇಲೆ ಬಂದು ಜಗಳ ಆಡಬಾರದು.
ಒಂಬತ್ತಕ್ಕೆ ಶುರುವಾದರೆ ಸಂಜೆ ಆರರವರೆಗೂ ಹೀಗೇ.
ಮಂಗಳವಾರ ಮಾತ್ರ ರಜೆ.'
ಅಡ್ವಾನ್ಸಿನ ನೋಟು ಎಣಿಸುತ್ತಿದ್ದ ನನ್ನ ಕೈ
ಮಂಗಳವಾರದ ಹತ್ತಿರ ಸ್ವಲ್ಪ ನಿಂತು, ಮತ್ತೆ ಎಣಿಸಿತು.

ನಾಳೆ ಮೇಟ್ರನ್ನಿಗೆ ಹೇಳಬೇಕು:
ಹನ್ನೆರಡು ವರ್ಷದಲ್ಲಿ ಏನೂ ಕೇಳಿದವಳಲ್ಲ,
ಭಾನುವಾರ ಬೇಡ, ಕ್ರಿಸ್‌ಮಸ್ಸಿಗೆ ಬೇಕಾದರೂ ಬರುತ್ತೇನೆ,
ಸೋಮವಾರದ ರಾತ್ರಿ ನನ್ನನ್ನು ಬಿಡಿ.
ಕಾರಣ ಕೇಳುತ್ತಾರೆ. ಗಿರಣಿ ಅಂದರೆ ನಗುತ್ತಾರೆ.
ನಗಲಿ. ಅದೊಂದು ರಾತ್ರಿ
ಊರು ಮಲಗುವಾಗ ನಾನೂ ಮಲಗುತ್ತೇನೆ.