ಒಂದು ತಟ್ಟೆ ಹೆಚ್ಚು

ತಿತಿಮತಿಯ ನಮ್ಮ ಶಾಲೆಗೆ ರಜೆ.
ಕಾಫಿ ಕುಯ್ಲು; ಅಪ್ಪ ಅಮ್ಮಂದಿರು ತೋಟದಲ್ಲಿ,
ಮಕ್ಕಳು ನನ್ನ ಅಡುಗೆಮನೆಯ ಬಾಗಿಲಲ್ಲಿ.

ಹಾನ್ಯಾ, ನೀನೂ ನಿನ್ನೂರಿಗೆ ಹೋಗಲಿಲ್ಲ.
ಗೋಡೆಗೆಲ್ಲ ಅಕ್ಷರಮಾಲೆ ಬರೆಯುತ್ತ
‘ಠ’ದ ಹೊಟ್ಟೆಯೊಳಗಿನ ಚುಕ್ಕಿ ಮರೆತೆ.
ಚೋಮಿ ಇದ್ದಿಲಲ್ಲಿ ಅದನ್ನಿಟ್ಟಳು,
ನಿನ್ನನ್ನು ಕೇಳದೆ.

ಇಪ್ಪತ್ತನಾಲ್ಕರ ಸಂಜೆ
ನಿನ್ನ ಬೀಟ್‌ರೂಟ್ ಸಾರಿಗೆ
ನಾನು ಕದ್ದು ಎರಡು ಸೂಜಿಮೆಣಸು ಹಾಕಿದೆ.
ಮೊದಲ ನಕ್ಷತ್ರ ಕಾಣದೆ ಊಟವಿಲ್ಲ, ಅಂದೆ ನೀನು.
ಹಸಿದ ಬೊಳಕ
ಆನೆ ಕಾವಲಿನವನ ಟಾರ್ಚು ತೋರಿಸಿ
‘ಅಗೋ, ಬಂತು!’ ಅಂದ.
ಒಪ್ಪಿಕೊಂಡೆ.

ಹನ್ನೊಂದು ಜನ, ಹನ್ನೆರಡು ತಟ್ಟೆ.
‘ಇದು ಯಾರಿಗೆ?’
‘ಬರುವವರಿಗೆ’ —
ನಿನ್ನ ಕನ್ನಡದಲ್ಲಿ ಅಷ್ಟೇ ಬಂತು.
‘ಆನೆಗಾ ಮಿಸ್ಸು?’
ನಕ್ಕು ನಕ್ಕು ಸಾರು ಚೆಲ್ಲಿದರು.
ಯಾರೂ ಬರಲಿಲ್ಲ.

ರಾತ್ರಿ ಹತ್ತಕ್ಕೆ ಫೋನಿನಲ್ಲಿ ನಿನ್ನಮ್ಮ
ಮೇಜು ತೋರಿಸಿದಳು:
ಬಿಳಿ ಬಟ್ಟೆ, ಮೀನು, ನಾಲ್ಕು ಮುಖ,
ಅಲ್ಲೂ ಒಂದು ಖಾಲಿ ತಟ್ಟೆ.
ಬರುವವರಿಗೋ, ಬಾರದವಳಿಗೋ,
ನಾನು ಕೇಳಲಿಲ್ಲ.
ನೀನು ಒಲೆಯ ಹೊಗೆ ಅಂತ ಕಣ್ಣುಜ್ಜಿದೆ;
ಒಲೆ ಆರಿ ಎಷ್ಟೋ ಹೊತ್ತಾಗಿತ್ತು.

ಎಂಜಲಾಗದ ತಟ್ಟೆಯನ್ನೂ
ಬೂದಿ ಹಾಕಿ ತೊಳೆದೆ, ಅಭ್ಯಾಸಬಲ.
ಬೆಳಿಗ್ಗೆ ಬೊಳಕ
ಅದರಲ್ಲೇ ಉಪ್ಪಿಟ್ಟು ತಿಂದ,
ಎರಡು ಸಲ ಹಾಕಿಸಿಕೊಂಡು.