ಹೆಬ್ಬಟ್ಟು

ಅಕ್ಕಲಕೋಟದಿಂದ ಜೀಪಿನಾಗ ಬರತಾರ,
ಬೂದಿಗುಡ್ಡದ ನೆತ್ತಿಮ್ಯಾಲ ಹಗ್ಗ ಕಟ್ಟಿ
ಚೌಕ ಚೌಕ ಅಗೀತಾರ.
ನಂದು ಕೆಳಗ, ಬೇವಿನ ಬುಡಕ:
ಎರಡು ಟಬ್ಬು ನೀರು, ಹಲ್ಲುಜ್ಜೂ ಬ್ರಶ್ಶು.
ಬೋಕಿ ತೊಳೀಬೇಕು.

ಕೆಂಪು, ಕರಿ, ಅರ್ಧ ಕೆಂಪು ಅರ್ಧ ಕರಿ,
ಯಾರದೋ ಗಡಗಿಯ ಕಂಠ, ಯಾರದೋ ಪರಾತದ ಅಂಚು.
ನಮ್ಮತ್ತಿ ಇದ್ದಿದ್ರ ಅಂತಿದ್ದಳು,
ಒಡದದ್ದು ಮನ್ಯಾಗ ಇಡಬಾರದವ್ವ.
ಇವರು ಹತ್ತಿ ಹಾಸಿ ಪೆಟ್ಟಿಗ್ಯಾಗ ಇಡತಾರ.

ಹನ್ನೆರಡನೇ ದಿನ ಒಂದು ಹಿಡಿಕಿ ಬಂತು,
ನನ್ನ ಮುಂಗೈಯಷ್ಟು ದಪ್ಪ.
ತೊಳದಷ್ಟೂ ಮೈಯಾಗ ಕರೀ ಉಸುಕು ಮಿಂಚತಿತ್ತು.
ನಮ್ಮ ಬೋರಿ ಹೊಳೀದಲ್ಲ ಅದು,
ಮೂವತ್ತು ವರ್ಷ ಆ ಉಸುಕಿನಾಗ ಪಾತ್ರಿ ತಿಕ್ಕೀನಿ.

ಕಾನಿಟಕರ ಮ್ಯಾಡಮ್ ನೋಡಿದವರು
ಮಣ್ಣಾಗೇ ಕುಂತುಬಿಟ್ಟರು.
ಅರ್ಧ ಮರಾಠಿ ಅರ್ಧ ಕನ್ನಡದಾಗ ಅಂದರು:
'ರೋಮಿನ ಕಡೀದು, ಲಗಮವ್ವ.
ದ್ರಾಕ್ಷಿ ಸೆರೆ ತುಂಬಿಕೊಂಡು ಬಂದದ್ದು.
ಉಸುಕು ಅಲ್ಲಿಯ ಬೆಂಕಿಗುಡ್ಡದ್ದು.'
ಮೊಬೈಲಿನಾಗ ಆ ಕಡೀದೊಂದು ಊರು ತೋರಿಸಿದರು,
ಗುಡ್ಡ ತುಂಬ ಕಲ್ಲಿನ ಮನಿ,
ಒಂದರ ಹೆಗಲಮ್ಯಾಲ ಒಂದು ಕಾಲಿಟ್ಟು ಹತ್ತಿದಂಗ,
ತುದಿಗೆ ಮುರುಕು ಗುಡಿ, ನಾಕೇ ಕಂಬ.
'ಅಷ್ಟು ಮ್ಯಾಲ ನೀರು ಯಾರು ಹೊರತಿದ್ರು?'
ಮ್ಯಾಡಮ್ ನಕ್ಕರು. ಆಮ್ಯಾಲ ನಗಲಿಲ್ಲ.

ಹಿಡಿಕಿಯ ಬುಡಕ್ಕ ಒಂದು ತಗ್ಗು:
ಹಸಿ ಇದ್ದಾಗ ಕುಂಬಾರ ಒತ್ತಿದ ಹೆಬ್ಬಟ್ಟು,
ಕುಂಟಿ ಹೊಡದ ಹೊಲದಂಗ ಗೆರಿ ಗೆರಿ.
ಯಾರೂ ನೋಡದಾಗ ನನ್ನ ಬಟ್ಟು ಇಟ್ಟೆ.
ಕುಂತಿತು.

ಸೋಮವಾರ ರೇಶನ್ ಅಂಗಡ್ಯಾಗ
ಮಿಶೀನು ಮೂರು ಸಲ ಕೆಂಪು ದೀಪ ಹಾಕಿತು.
'ಅಂಗಠಾ ಉಮಟತ ನಾಹಿ, ಮಾವಶಿ.'
ಬ್ರಶ್ಶು, ಬೋಕಿ; ಅದಕ್ಕೂ ಮೊದಲ
ಹದಿನೆಂಟು ವರ್ಷ ಬೀಡಿ ಎಲಿ.
ಎರಡು ಸಾವಿರ ವರ್ಷದ ಆ ಪುಣ್ಯಾತ್ಮ ಇನ್ನೂ ಅದಾನ,
ಕಾರ್ಡಿನಾಗ ಫೋಟೋ ಇದ್ದೂ ನಾ ಇಲ್ಲ.
ಖಾಲಿ ಚೀಲ ಮಡಚಿ ಬಗಲಾಗ ಇಟಗೊಂಡೆ.

ಕಡೀ ದಿನ ತಗ್ಗು ಮುಚ್ಚತಾರ.
ಮುಚ್ಚೂ ಮೊದಲ ಈ ವರ್ಷದ್ದೊಂದು ರೂಪಾಯಿ
ತಳದಾಗ ಇಡತಾರ,
ಮುಂದ ಅಗ್ಯಾವರಿಗೆ ತಿಳೀಲಿ,
ಇಲ್ಲೀತನಕ ಯಾರೋ ಬಂದಿದ್ರು ಅಂತ.

ಹಿಂದಿನ ರಾತ್ರಿ ನಾ ಒಂದು ಉಂಡಿ ಮಣ್ಣು ನಾದಿ
ಬಟ್ಟು ಒತ್ತಿ, ರೊಟ್ಟಿ ಮುಗದ ಮ್ಯಾಲ
ಒಲಿಯ ಕೆಂಡದಾಗ ಹುಗದಿದ್ದೆ.
ಮುಂಜಾನೆ ತಗದ್ರ ಒಂದು ಮಗ್ಗಲ ಸೀಳಿತ್ತು.
ಬಿಸಿಲಿಗೆ ಹಿಡದು ನೋಡಿದೆ, ನುಣ್ಣಗ.
ಗೆರಿ ಒಂದೋ ಎರಡೋ
ಇದ್ದರೂ ಇರಬಹುದು.

ರೂಪಾಯಿ ಬಾಜೂಕ ಇಟ್ಟೆ.
ಮ್ಯಾಡಮ್ ನೋಡಿದರು. ನಂಬರು ಹಾಕಲಿಲ್ಲ.
ಮೊದಲನೇ ಬುಟ್ಟಿ ಮಣ್ಣು ನಾನೇ ಸುರುವಿದೆ.